ಸಹಾಯ ಬೇಕು: ಬ್ರ್ಯಾಮ್ಲಿ ಸೇಬಿನ ಉಪ್ಪಿನಕಾಯಿ

ಎಲ್ಲರಿಗೂ ನಮಸ್ಕಾರ. ನಾವಿರೋದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್‌ನ ಸೌತ್‌ವೆಲ್ ಹತ್ತಿರದ ಹಳ್ಳಿಯಲ್ಲಿ. 1809ರಲ್ಲಿ ಇದೇ ಸೌತ್‌ವೆಲ್‌ನಲ್ಲಿ ಹುಡುಗಿಯೊಬ್ಬಳು ನೆಟ್ಟ ಬೀಜದಿಂದಲೇ ಬ್ರ್ಯಾಮ್ಲಿ ಸೇಬು ಹುಟ್ಟಿದ್ದು. ನಮ್ಮ ಹಿತ್ತಲ ಮರವೂ ಅದೇ ಜಾತಿ. ಈ ಸೆಪ್ಟೆಂಬರ್‌ನಲ್ಲಿ ಕೊಂಬೆ ಬಾಗುವಷ್ಟು ಕಾಯಿ. ಹಸಿರು ಸಿಪ್ಪೆ, ಮಾವಿನಕಾಯಿಯಂಥ ಹುಳಿ! ಮಕ್ಕಳು ಬೇಲಿಯಲ್ಲಿ ಬಿಡಿಸಿ ತಂದ ಬ್ಲ್ಯಾಕ್‌ಬೆರಿ ಸೇರಿಸಿ ಕ್ರಂಬಲ್ (ಹಣ್ಣಿನ ಮೇಲೆ ಹಿಟ್ಟು-ಬೆಣ್ಣೆ-ಸಕ್ಕರೆಯ ಪುಡಿ ಉದುರಿಸಿ ಬೇಕ್ ಮಾಡೋ ಸಿಹಿ) ಆಯ್ತು. ಊರಿಂದ ಬಂದಿರೋ ಅತ್ತೆ ಈ ಸೇಬನ್ನೇ ತುರಿದು ಚಿತ್ರಾನ್ನ ಮಾಡಿದ್ರು, ಬಲು ರುಚಿ.

ಈಗ ಅವರಿಗೆ ಉಪ್ಪಿನಕಾಯಿ ಹಾಕುವಾಸೆ. ಆದರೆ ಬಿಸಿ ತಾಗಿದರೆ ಸಾಕು, ಹೋಳು ಕರಗಿ ಮುದ್ದೆಯಾಗುತ್ತೆ. ಬಿಸಿಲಿಗಿಟ್ಟು ಒಣಗಿಸೋ ಮಾತಂತೂ ಇಲ್ಲಿಲ್ಲ. ಹೋಳು ಗಟ್ಟಿಯಾಗಿ ಉಳಿಯೋಕೆ ಉಪ್ಪು ಎಷ್ಟು, ಎಷ್ಟು ದಿನ ಉಪ್ಪಲ್ಲಿಡಬೇಕು? ಒಗ್ಗರಣೆ ಪೂರ್ತಿ ಆರಿದ ಮೇಲೆ ಹಾಕಿದರೆ ಸರಿಯೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ. ಅತ್ತೆ ತಿಂಗಳ ಕೊನೆಗೆ ಹೊರಡ್ತಾರೆ, ಅಷ್ಟರಲ್ಲಿ ಒಂದು ಜಾಡಿಯಾದರೂ ಆಗಬೇಕು.