ಸ್ಪ್ರಿಂಟ್ ಮುಗಿಯುತ್ತದೆ, ಸಂಸ್ಥೆಯ ಗುರಿ ಹತ್ತಿರವಾಗುತ್ತಿಲ್ಲ: ಅನುಭವಸ್ಥರು ತಿಳಿಸಿ

ಕೇಳಿದವರು, ವಿಜಯಪುರ

ನಮ್ಮದು ಎಂಟು ಜನರ ತಂಡ. ಪತ್ತಿನ ಸಹಕಾರ ಸಂಘಗಳಿಗೆ ಸಾಲ ಮತ್ತು ಠೇವಣಿಯ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಎರಡು ವಾರಕ್ಕೊಂದು ಸ್ಪ್ರಿಂಟ್‌ನಂತೆ, ಅಂದರೆ ಕೆಲಸವನ್ನು ಸಣ್ಣ ಕಂತುಗಳಾಗಿ ಹಂಚಿಕೊಂಡು ಮುಗಿಸುವಂತೆ, ಒಂದೂವರೆ ವರ್ಷದಿಂದ ಅಜೈಲ್ ಪದ್ಧತಿಯಲ್ಲಿ ಕೆಲಸ ನಡೆದಿದೆ, ಒಪ್ಪಿಕೊಂಡದ್ದು ಬಹುಪಾಲು ಮುಗಿಯುತ್ತದೆ. ಆದರೆ ಕಳೆದ ತಿಂಗಳು ಮಾಲೀಕರು "ಇಷ್ಟೆಲ್ಲ ಮಾಡಿದ್ದರಿಂದ ಈ ವರ್ಷ ನಾವು ಅಂದುಕೊಂಡದ್ದರಲ್ಲಿ ಎಷ್ಟು ಆಯಿತು?" ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಸ್ಪ್ರಿಂಟ್ ಕೆಲಸವನ್ನೂ ಸಂಸ್ಥೆಯ ಗುರಿಯನ್ನೂ ಹೊಂದಿಸಿದವರು ದಯವಿಟ್ಟು ತಮ್ಮ ಅನುಭವ ತಿಳಿಸಬೇಕು.

ಉತ್ತರ, ಬೆಳಗಾವಿ

ಸರ್, ಇದೇ ಪ್ರಶ್ನೆಯನ್ನು ನಾನೂ ಎದುರಿಸಿದ್ದೇನೆ, ಆದ್ದರಿಂದ ವಿವರವಾಗಿಯೇ ಬರೆಯುತ್ತೇನೆ. ಸಕ್ಕರೆ ಕಾರ್ಖಾನೆಯೊಂದಕ್ಕೆ ಕಬ್ಬಿನ ತೂಕದಿಂದ ಹಿಡಿದು ರೈತರ ಬಿಲ್ಲಿನವರೆಗಿನ ಸಾಫ್ಟ್‌ವೇರನ್ನು ನಮ್ಮ ತಂಡ ನೋಡಿಕೊಳ್ಳುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನಗಳೊಳಗೆ ರೈತರಿಗೆ ಹಣ ಸಂದಾಯವಾಗಬೇಕು, ತಡವಾದರೆ ವಾರ್ಷಿಕ ಶೇ. 15ರ ಬಡ್ಡಿ ಸೇರಿಸಬೇಕು. ಆಡಳಿತಕ್ಕೆ ಹಂಗಾಮಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿದ್ದದ್ದು ಈ 14 ದಿನ. ಅದು ನಮಗೆ ಗೊತ್ತಿತ್ತು, ಆದರೆ ಕೆಲಸಗಳ ಪಟ್ಟಿ ಹಾಕುವ ನಮ್ಮ ಬೋರ್ಡಿನ ಮೇಲೆ ಎಲ್ಲಿಯೂ ಬರೆದಿರಲಿಲ್ಲ. ನಾವು ರೈತರ ಮೊಬೈಲ್ ಆ್ಯಪ್‌ಗೆ ಹೊಸ ಹೊಸ ಪುಟಗಳನ್ನು ಸೇರಿಸುವುದರಲ್ಲಿ ಮುಳುಗಿದ್ದೆವು.

ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, 2021ರ ಜುಲೈ 1ರಿಂದ ಹಣ ಕಳಿಸುವಾಗ ಬ್ಯಾಂಕಿನ ಶಾಖೆಯನ್ನು ಗುರುತಿಸುವ ಅದರ ಹಳೆಯ ಐಎಫ್‌ಎಸ್‌ಸಿ ಕೋಡುಗಳು ನಡೆಯದಾದವು. ಆ ವರ್ಷದ ಹಂಗಾಮಿನ ಮೊದಲ ಬಿಲ್ಲುಗಳನ್ನು ಬ್ಯಾಂಕಿಗೆ ಕಳಿಸಿದಾಗ, ನಮ್ಮ ದಾಖಲೆಯಲ್ಲಿ ಹಳೆಯ ಕೋಡು ಉಳಿದಿದ್ದ ರೈತರ ಹಣವೆಲ್ಲ ಮರಳಿ ಬಂತು. ನಾನು ಅಂದು ಕಬ್ಬು ವಿಭಾಗದಲ್ಲಿ ಕುಳಿತಿದ್ದೆ. ಹಿರಿಯ ರೈತರೊಬ್ಬರು ರಬ್ಬರ್ ಬ್ಯಾಂಡ್ ಹಾಕಿದ್ದ ಕಾಟಾ ಚೀಟಿಗಳನ್ನು (ಕಬ್ಬಿನ ತೂಕದ ಚೀಟಿಗಳನ್ನು) ಬಿಚ್ಚಿ ಒಂದೊಂದಾಗಿ ಮೇಜಿನ ಮೇಲಿಟ್ಟು, "ತೂಕ ಬರೋಬ್ಬರಿ ಐತಿ, ತಾರೀಖ ಐತಿ, ರೊಕ್ಕ ಯಾಕ ಬಂದಿಲ್ರಿ?" ಎಂದು ಕೇಳಿದರು. ಗುಮಾಸ್ತರು ಕಂಪ್ಯೂಟರ್ ನೋಡಿ "ಪಾವತಿಯಾಗಿದೆ" ಎಂದರು. ಬ್ಯಾಂಕಿಗೆ ಫೈಲು ಹೋದ ಕ್ಷಣವೇ "ಪಾವತಿಯಾಗಿದೆ" ಎಂದು ತೋರಿಸುವಂತೆ ಬರೆದವರು ನಾವೇ. ಅದೇ ವಾರ ನಮ್ಮ ಸ್ಪ್ರಿಂಟ್ ಒಂದೂ ಕೆಲಸ ಉಳಿಯದಂತೆ ಮುಗಿದಿತ್ತು.

ಸರಿಪಡಿಸಲು ಹಿಡಿದದ್ದು ಮೂರು ದಿನ: ಫೈಲು ಕಳಿಸುವ ಮೊದಲೇ ಕೋಡು ಪರಿಶೀಲಿಸುವುದು, ಬ್ಯಾಂಕಿನಿಂದ ಮರಳಿದ ಪಟ್ಟಿಯನ್ನು ಓದಿ ಆ ಹೆಸರುಗಳನ್ನು ಕಬ್ಬು ವಿಭಾಗಕ್ಕೆ ತೋರಿಸುವುದು. ಅಂದಿನಿಂದ ಬೋರ್ಡಿನ ನೆತ್ತಿಯ ಮೇಲೆ ಒಂದೇ ಅಂಕಿ ಇದೆ: ಕಾಟಾ ಚೀಟಿಯ ದಿನದಿಂದ ಖಾತೆಗೆ ಹಣ ಜಮೆಯಾಗುವವರೆಗಿನ ದಿನಗಳು. ಕಾರ್ಖಾನೆಯ ಕೈಯಲ್ಲಿ ಹಣವೇ ಇಲ್ಲದಿದ್ದರೆ ಯಾವ ಸಾಫ್ಟ್‌ವೇರೂ ಬಿಲ್ ಕೊಡಿಸಲಾರದು. ಆದ್ದರಿಂದ ಆ ದಿನಗಳನ್ನು ಎರಡು ಪಾಲು ಮಾಡಿ, ಹಣಕ್ಕಾಗಿ ಕಾಯುವ ದಿನಗಳನ್ನು ಆಡಳಿತದ ಲೆಕ್ಕಕ್ಕೂ, ಲೆಕ್ಕಪತ್ರ ಮತ್ತು ಪರಿಶೀಲನೆಯಲ್ಲಿ ಕಳೆಯುವ ದಿನಗಳನ್ನು ನಮ್ಮ ಲೆಕ್ಕಕ್ಕೂ ಹಾಕಿದೆವು. ಸ್ಪ್ರಿಂಟ್ ಕೊನೆಗೆ ಮಾಡಿದ ಕೆಲಸ ತೋರಿಸುವ ರಿವ್ಯೂ ಸಭೆಗೆ ಹಿರಿಯ ಗುಮಾಸ್ತರೇ ಬರುತ್ತಾರೆ. ಅವರು "ಇದರಿಂದ ನನ್ನ ಕೆಲಸದಲ್ಲಿ ಏನೂ ಬದಲಾಗುವುದಿಲ್ಲ" ಎಂದದ್ದು ಪಟ್ಟಿಯ ಕೆಳಗೆ ಹೋಗುತ್ತದೆ. ಆ್ಯಪ್‌ನ ಅರ್ಧದಷ್ಟು ಪುಟಗಳು ಹಾಗೆಯೇ ಹೋದವು. ಕಬ್ಬು ನುರಿಯುವ ತಿಂಗಳುಗಳಲ್ಲಿ ಹೊಸದನ್ನು ಕೈಗೆತ್ತಿಕೊಳ್ಳುವುದಿಲ್ಲ.

ಉತ್ತರ, ಉದ್ಯಮಬಾಗ, ಬೆಳಗಾವಿ

ಮೇಲಿನ ಮಾತನ್ನು ಒಪ್ಪುತ್ತೇನೆ, ಒಂದು ಎಚ್ಚರಿಕೆಯೊಂದಿಗೆ. ನಾವು ಫೌಂಡ್ರಿಯೊಂದಕ್ಕೆ ಕೆಲಸ ಮಾಡುವಾಗ ಎರಕದ ರಿಜೆಕ್ಷನ್ ಇಳಿಸುವುದು ಗುರಿಯಾಗಿತ್ತು, ಆ ಅಂಕಿಗೇ ಎಲ್ಲರ ಬೋನಸ್ಸನ್ನೂ ಕಟ್ಟಿದರು. ಕೆಲವೇ ವಾರಗಳಲ್ಲಿ ಕೆಟ್ಟ ಎರಕಗಳು "ಮರುಕೆಲಸ" ಎಂಬ ಕಾಲಮ್ಮಿಗೆ ಸೇರಿ ಅಂಕಿ ಇಳಿಯಿತು, ಕುಲುಮೆಗೆ ಮರಳಿ ಬೀಳುವ ರಾಶಿ ಮಾತ್ರ ಹಾಗೆಯೇ ಇತ್ತು. ಅಂಕಿಯನ್ನು ದಾರಿ ನೋಡಲು ಇಟ್ಟುಕೊಳ್ಳಿ, ಸಂಬಳಕ್ಕೆ ಕಟ್ಟಬೇಡಿ.

ಹಾಗೆಯೇ, ಅಜೈಲ್‌ನ ಒಂದು ಬಗೆಯಾದ ಸ್ಕ್ರಮ್‌ನ ಕೈಪಿಡಿ, 2020ರ ಸ್ಕ್ರಮ್ ಗೈಡ್, ಸ್ಪ್ರಿಂಟ್ ಗುರಿಯ ಜೊತೆಗೆ ಇಡೀ ಉತ್ಪನ್ನಕ್ಕೊಂದು ಗುರಿಯನ್ನೂ ಸೇರಿಸಿದೆ. ಅದನ್ನು ನಾವು ಮಾಲೀಕರ ಜೊತೆ ಕೂತು ಅವರದೇ ಮಾತಿನಲ್ಲಿ ಬರೆದೆವು. ಸಾಫ್ಟ್‌ವೇರಿನ ಹಳೆಯ ಕೋಡಿನ ದುರಸ್ತಿಯನ್ನೂ ಆ ಗುರಿಯಡಿಯಲ್ಲೇ ಸೇರಿಸಿ, ಇಲ್ಲವಾದರೆ ಅದಕ್ಕೆ ಎಂದೂ ಸರದಿ ಬರುವುದಿಲ್ಲ.

ಕೇಳಿದವರು, ವಿಜಯಪುರ

ಇಬ್ಬರಿಗೂ ಧನ್ಯವಾದಗಳು. ಈಗಿರುವ ಸಂಘಗಳು ನಮ್ಮನ್ನು ಬಿಟ್ಟುಹೋಗಬಾರದು ಎಂಬುದೇ ನಮ್ಮ ಮಾಲೀಕರ ಈ ವರ್ಷದ ಗುರಿ. ಸದಸ್ಯರು ಅರ್ಜಿ ಕೊಟ್ಟ ದಿನದಿಂದ ಸಾಲ ಕೈಸೇರುವ ದಿನದವರೆಗಿನ ಅವಧಿಯನ್ನು ಅಳತೆಯಾಗಿ ಇಟ್ಟುಕೊಳ್ಳಬಹುದೇ?

ಉತ್ತರ, ಬೆಳಗಾವಿ

ಅಳತೆಯನ್ನು ಈಗಲೇ ಆರಿಸಬೇಡಿ ಸರ್. ಈಗಾಗಲೇ ಬಿಟ್ಟುಹೋದ ಒಂದೆರಡು ಸಂಘಗಳಿದ್ದರೆ ಅವುಗಳ ಕಾರ್ಯದರ್ಶಿಗಳನ್ನು ಕಂಡು ಕಾರಣ ಕೇಳಿ, ಜೊತೆಗೆ ಕೋಡ್ ಬರೆಯುವವರಲ್ಲಿ ಒಬ್ಬರನ್ನಾದರೂ ಕರೆದುಕೊಂಡು ಹೋಗಿ. ಸಾಲಕ್ಕೆ ತಡವಾಗುವುದು ಅವರ ದೂರೇ ಆಗಿರಲಿಕ್ಕಿಲ್ಲ. ಸಂಜೆ ದಿನವಹಿ (ಆ ದಿನದ ಜಮಾ-ಖರ್ಚಿನ ಲೆಕ್ಕ) ತಾಳೆಯಾಗದೆ ಎಂಟು ಗಂಟೆಯವರೆಗೆ ಕೂರಬೇಕಾದದ್ದೂ ಕಾರಣವಾಗಿರಬಹುದು. ಮಾರ್ಚ್ ಅಂತ್ಯದ ಲೆಕ್ಕ ಮುಗಿಯುವವರೆಗೆ ಅವರಿಗೆ ಬಿಡುವಿರುವುದಿಲ್ಲ, ಏಪ್ರಿಲ್ ಎರಡನೆಯ ವಾರದಲ್ಲಿ ಹೋಗುವುದು ಒಳ್ಳೆಯದು.