ಅಗ್ಗದ ಟೇಬಲ್ ಸಾ ಇಟ್ಟುಕೊಂಡು ಮನೆಯ ಮರಗೆಲಸ: ಬಳಸಿದವರು ಹೇಳಿದ್ದು

ಕೇಳಿದವರು

ಹೋದ ತಿಂಗಳು ಒಂದು ಸಣ್ಣ ಟೇಬಲ್ ಸಾ ತಗೊಂಡೆ, ಅಂದರೆ ಮೇಜಿನ ನಡುವಿಂದ ಬ್ಲೇಡ್ ಮೇಲೆದ್ದಿರುವ ಕರೆಂಟಿನ ಗರಗಸ. ಕೆಲಸ ಮುಗಿದ ಮೇಲೆ ಎತ್ತಿ ಮೂಲೆಯಲ್ಲಿ ಇಡುವಂಥದ್ದು. 10 ಇಂಚಿನ ಬ್ಲೇಡ್, ಅಲ್ಯೂಮಿನಿಯಂ ಮೇಜು. ಸಿಗುವುದರಲ್ಲಿ ಹೆಚ್ಚುಕಮ್ಮಿ ಎಲ್ಲಕ್ಕಿಂತ ಅಗ್ಗದ್ದು. ಪುಸ್ತಕದ ಕಪಾಟು, ಎರಡು ಡ್ರಾಯರ್, ಮಕ್ಕಳಿಗೆ ಒಂದು ಓದುವ ಮೇಜು, ಇಷ್ಟು ಮಾಡುವ ಆಸೆ.

ಮೊದಲ ದಿನವೇ ಉತ್ಸಾಹ ಇಳಿದುಹೋಯಿತು. ಮರವನ್ನು ಒರಗಿಸಿ ತಳ್ಳುವ ಉದ್ದದ ಪಟ್ಟಿ, ಫೆನ್ಸ್, ಬಿಗಿ ಮಾಡಿದ ಮೇಲೂ ಅದರ ಹಿಂದಿನ ತುದಿ ಅಲ್ಲಾಡುತ್ತದೆ. ಒಂದೇ ಅಳತೆಗೆ ಇಟ್ಟು ಕೊಯ್ದ ನಾಲ್ಕು ಪಟ್ಟಿ, ನಾಲ್ಕು ಅಗಲ. ಪ್ಲೈವುಡ್ಡಿನ ಅಡಿಭಾಗ ಸಿಬಿರೆದ್ದು ಬರುತ್ತದೆ. ಅಡ್ಡಕ್ಕೆ ಕೊಯ್ಯುವಾಗ ಮರ ಹಿಡಿದು ತಳ್ಳಲು ಜೊತೆಗೆ ಕೊಟ್ಟ ಮೈಟರ್ ಗೇಜ್ ಅಂತೂ ಆಟದ ಸಾಮಾನು. ದೊಡ್ಡ ಯಂತ್ರಕ್ಕೆ ದುಡ್ಡೂ ಇಲ್ಲ, ಜಾಗವೂ ಇಲ್ಲ. ಇದರಲ್ಲೇ ನಾಲ್ಕು ಜನ ನೋಡಿದರೆ ನಾಚಿಕೆ ಆಗದಂಥ ಕೆಲಸ ತೆಗೆಯಬಹುದಾ? ಬಳಸಿದವರು ಹೇಳಿ.

ಐದು ವರ್ಷದಿಂದ ಇಂಥದ್ದೇ ಬಳಸುತ್ತಿರುವವರು

ತೆಗೆಯಬಹುದು. ಆದರೆ ಪೆಟ್ಟಿಗೆಯಿಂದ ತೆಗೆದು ಹಾಗೇ ಕೊಯ್ಯಲು ಕೂತರೆ ಆಗುವುದಿಲ್ಲ. ಒಳ್ಳೆ ಯಂತ್ರದಲ್ಲಿ ಕಾರ್ಖಾನೆಯವರೇ ಮಾಡಿ ಕಳಿಸುವ ಹೊಂದಾಣಿಕೆಯನ್ನು ಇದರಲ್ಲಿ ನಾವೇ ಮಾಡಿಕೊಳ್ಳಬೇಕು. ನನಗೆ ಒಂದು ಭಾನುವಾರ ಪೂರ್ತಿ ಹಿಡಿಯಿತು.

ಮೊದಲು ಪ್ಲಗ್ ಕೀಳಿ. ಬ್ಲೇಡ್ ಪೂರ್ತಿ ಮೇಲೆತ್ತಿ, ಮುಂದುಗಡೆಯ ಒಂದು ಹಲ್ಲಿಗೆ ಮಾರ್ಕರ್‌ನಲ್ಲಿ ಚುಕ್ಕೆ ಇಡಿ. ಮೈಟರ್ ಗೇಜ್ ಓಡಾಡುವ ಸ್ಲಾಟ್ ಇದೆಯಲ್ಲ, ಅದರಲ್ಲಿ ಆಡದೆ ಕೂರುವ ಹಾಗೆ ಒಂದು ಮರದ ಪಟ್ಟಿ ಮಾಡಿ. ಅದರ ಮೇಲೆ ಅಡ್ಡಕ್ಕೆ ಒಂದು ತುಂಡು ಬಡಿದು, ತುದಿಗೆ ಸ್ಕ್ರೂ ಹಾಕಿ. ಸ್ಕ್ರೂವಿನ ತಲೆ ಆ ಹಲ್ಲಿಗೆ ಸವರಿಕೊಂಡು ಹೋಗುವಷ್ಟು ತಿರುಗಿಸಿ. ಸಣ್ಣಗೆ ಟಿಂಗ್ ಅನ್ನಬೇಕು. ಈಗ ಬ್ಲೇಡನ್ನು ಕೈಯಲ್ಲಿ ತಿರುಗಿಸಿ ಅದೇ ಹಲ್ಲನ್ನು ಹಿಂದಕ್ಕೆ ತನ್ನಿ, ಪಟ್ಟಿಯನ್ನೂ ಹಿಂದಕ್ಕೆ ಜಾರಿಸಿ. ಅಲ್ಲೂ ಅದೇ ಟಿಂಗ್ ಬಂದರೆ ಬ್ಲೇಡ್ ಸ್ಲಾಟಿಗೆ ನೇರ ಇದೆ. ಸದ್ದೇ ಇಲ್ಲ ಅಂದರೆ ಮಧ್ಯೆ ಬರೆಯುವ ಕಾಗದ ತೂರಿಸಿ ನೋಡಿ. ಮಾಮೂಲಿ ಹಾಳೆ ಒಂದು ಸುಮಾರು 0.1 ಮಿ.ಮೀ. ದಪ್ಪ. ನನ್ನದರಲ್ಲಿ ಏಳು ಹಾಳೆ ತೂರಿತು!

ಮೇಜಿನ ಅಡಿಯಲ್ಲಿ ಮೋಟರನ್ನೂ ಬ್ಲೇಡನ್ನೂ ಹಿಡಿದಿರುವ ಬೋಲ್ಟ್‌ಗಳಿರುತ್ತವೆ. ಅವನ್ನು ಸಡಿಲ ಮಾಡಿ, ಮರದ ತುಂಡು ಇಟ್ಟು ಮೆಲ್ಲಗೆ ತಟ್ಟುತ್ತಾ ಸರಿಸಬೇಕು. ಬಿಗಿ ಮಾಡುವಾಗ ಮತ್ತೆ ಸರಿಯುತ್ತದೆ. ಮೂರು ಸಲ ಬೈದುಕೊಂಡು, ನಾಲ್ಕನೇ ಸಲಕ್ಕೆ ಒಂದು ಹಾಳೆಯ ವ್ಯತ್ಯಾಸಕ್ಕೆ ತಂದೆ. ಸಾಕು.

ಇನ್ನು ಫೆನ್ಸ್. ಅದರ ಸ್ಕೇಲನ್ನು ನಂಬಬೇಡಿ, ನೋಡಲೂ ಬೇಡಿ. ಪ್ರತಿ ಸಲ ಫೆನ್ಸ್‌ನಿಂದ ಸ್ಲಾಟಿಗೆ ಎರಡೂ ತುದಿಯಲ್ಲಿ ಟೇಪ್ ಹಿಡಿದು ಅಳೆಯಿರಿ. ಸಮ ಬಂದ ಮೇಲೆ ಹಿಂದಿನ ತುದಿಗೆ ಒಂದು ಸಿ-ಕ್ಲ್ಯಾಂಪ್ ಬಿಗಿಯಿರಿ. ಅಷ್ಟೇ, ಅಲ್ಲಾಡುವುದು ನಿಂತುಹೋಯಿತು. ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದು: ಒಂದೇ ಅಗಲದ ತುಂಡು ಎಷ್ಟು ಬೇಕೋ ಅಷ್ಟನ್ನೂ ಫೆನ್ಸ್ ಮುಟ್ಟದೆ ಒಂದೇ ಸಲಕ್ಕೆ ಕೊಯ್ದುಬಿಡಿ, ಜೊತೆಗೆ ಎರಡು ಜಾಸ್ತಿ. ಕಪಾಟಿನ ಹಲಗೆ ಅರ್ಧ ಮಿ.ಮೀ. ಹೆಚ್ಚೋ ಕಡಿಮೆಯೋ ಆದರೆ ಯಾರಿಗೂ ಗೊತ್ತಾಗುವುದಿಲ್ಲ. ಒಂದಕ್ಕೊಂದು ಸಮ ಇಲ್ಲದಿದ್ದರೆ ಮಾತ್ರ ಎದ್ದು ಕಾಣುತ್ತದೆ.

ಬ್ಲೇಡ್ ಬದಲಿಸಿ ಅನ್ನುವವರು

ಮೇಲೆ ಹೇಳಿದ್ದೆಲ್ಲ ಸರಿ. ಆದರೆ ಸಿಬಿರಿಗೆ ಕಾರಣ ಫೆನ್ಸ್ ಅಲ್ಲ, ಜೊತೆಗೆ ಬಂದ ಬ್ಲೇಡ್. ಸಾಮಾನ್ಯವಾಗಿ 24 ಹಲ್ಲಿನದ್ದು ಕೊಟ್ಟಿರುತ್ತಾರೆ. ನಾರಿನ ಉದ್ದಕ್ಕೆ ಸೀಳಲು ಅದು ಪರವಾಗಿಲ್ಲ, ಪ್ಲೈವುಡ್ಡಿಗೆ ಆಗಿಬರುವುದಿಲ್ಲ. 40 ಹಲ್ಲಿನ, ಕೊಯ್ತದ ಅಗಲ ಕಡಿಮೆ ಇರುವ ಬ್ಲೇಡ್ ಹಾಕಿ. ಮಾಮೂಲಿ ದಪ್ಪ ಬ್ಲೇಡ್ 3.2 ಮಿ.ಮೀ. ಮರ ತಿಂದರೆ ತೆಳುವಾದದ್ದು 2.4ರ ಆಸುಪಾಸು ತಿನ್ನುತ್ತದೆ. ಈ ಸಣ್ಣ ಮೋಟರಿಗೆ ಅಷ್ಟು ಭಾರ ಇಳಿದರೂ ದೊಡ್ಡ ವಿಷಯ. ತರುವ ಮುಂಚೆ ನಡುವಿನ ತೂತು ಎಷ್ಟು ಅಂತ ನೋಡಿಕೊಳ್ಳಿ. 10 ಇಂಚಿನ ಬ್ಲೇಡ್‌ಗಳೇ 30 ಮಿ.ಮೀ., 25.4 ಮಿ.ಮೀ., 15.9 ಮಿ.ಮೀ. ಹೀಗೆ ಬೇರೆಬೇರೆ ತೂತಿನಲ್ಲಿ ಬರುತ್ತವೆ.

ಒಂದು ಎಡವಟ್ಟು ಹೇಳುತ್ತೇನೆ. ಬ್ಲೇಡ್ ಹಿಂದೆ ನಿಲ್ಲುವ ಉಕ್ಕಿನ ತಗಡು, ರೈವಿಂಗ್ ನೈಫ್, ನನ್ನ ಯಂತ್ರದಲ್ಲಿ 2 ಮಿ.ಮೀ. ದಪ್ಪ. ನಾನು ಆಸೆಬಿದ್ದು 1.8 ಮಿ.ಮೀ. ಕೊಯ್ಯುವ ಬ್ಲೇಡ್ ತಂದೆ. ಮರ ಬ್ಲೇಡ್ ದಾಟಿ ಹೋಗಿ ಆ ತಗಡಿಗೆ ತಾಗಿ ನಿಂತುಬಿಟ್ಟಿತು. ಮುಂದಕ್ಕೂ ಹೋಗುವುದಿಲ್ಲ, ಹಿಂದಕ್ಕೆ ಎಳೆಯಲು ಧೈರ್ಯವೂ ಇಲ್ಲ. ಹಾಗೇ ಒತ್ತಿ ಹಿಡಿದು ಸ್ವಿಚ್ ಆರಿಸಿದೆ. ಹಲ್ಲು ಕೊಯ್ಯುವ ಅಗಲಕ್ಕಿಂತ ತಗಡು ತೆಳ್ಳಗಿರಬೇಕು, ಬ್ಲೇಡಿನ ಮೈಗಿಂತ ಸ್ವಲ್ಪ ದಪ್ಪ ಇರಬೇಕು. ದಪ್ಪ ಎಷ್ಟು ಅಂತ ಆ ತಗಡಿನ ಮೇಲೇ ಕೊರೆದಿರುತ್ತಾರೆ, ಓದಿಕೊಂಡೇ ಹೋಗಿ.

ಪ್ಲೈವುಡ್ಡಿನ ಒಳ್ಳೆ ಮುಖ ಮೇಲಕ್ಕಿರಲಿ. ಟೇಬಲ್ ಸಾದಲ್ಲಿ ಹಲ್ಲು ಮೇಲಿಂದ ಇಳಿಯುತ್ತದೆ, ಕೀಳುವುದೆಲ್ಲ ಅಡಿಯಲ್ಲಿ. ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಸಾದಲ್ಲಿ ಇದು ಉಲ್ಟಾ.

ಅಡಿಯೂ ಚೆನ್ನಾಗಿರಬೇಕು ಅಂದರೆ ಬ್ಲೇಡಿನ ಎರಡೂ ಪಕ್ಕ ಇರುವ ಆ ಅಗಲದ ಸಂದು ಮುಚ್ಚಬೇಕು. ಅಗ್ಗದ ಯಂತ್ರಗಳಲ್ಲಿ ಅಲ್ಲಿರುವ ಮುಚ್ಚಳ ತೆಳು ತಗಡು. ಅದರ ಜಾಗಕ್ಕೆ ಪ್ಲೈ ಕೂರಿಸಲು ಆಳವೇ ಇರುವುದಿಲ್ಲ. ನಾನು 6 ಮಿ.ಮೀ. ಎಂಡಿಎಫ್ ಹಲಗೆಯನ್ನು ಇಡೀ ಮೇಜಿನ ಮೇಲೆ ಎರಡು ಕಡೆ ಅಂಟುವ ಟೇಪ್ ಹಾಕಿ ಕೂರಿಸಿದೆ. ರೈವಿಂಗ್ ನೈಫ್ ನಿಲ್ಲುವ ಜಾಗವನ್ನು ಮೊದಲೇ ಕೊರೆದಿದ್ದೆ. ಬ್ಲೇಡ್ ಕೆಳಗಿಳಿಸಿ, ಹಲಗೆಯ ಅಂಚುಗಳಿಗೆ ಕ್ಲ್ಯಾಂಪ್ ಹಾಕಿ, ಯಂತ್ರ ಓಡಿಸಿ ಬ್ಲೇಡನ್ನು ನಿಧಾನಕ್ಕೆ ಮೇಲೆತ್ತಿದೆ. ತನಗೆ ಬೇಕಾದಷ್ಟೇ ಸಂದು ತಾನೇ ಕೊರೆದುಕೊಂಡಿತು. ಎತ್ತರದಲ್ಲಿ 6 ಮಿ.ಮೀ. ಹೋಯಿತು, ಹೋಗಲಿ.

ಬಡಗಿ ಕೆಲಸವನ್ನೇ ಮಾಡಿಕೊಂಡಿದ್ದವರು

ಎಲ್ಲರೂ ಯಂತ್ರ ರಿಪೇರಿಯ ಬಗ್ಗೆಯೇ ಹೇಳುತ್ತಿದ್ದೀರಿ. ಏನನ್ನು ಇದರ ಮೇಲೆ ಇಡಬಾರದು ಅಂತ ಯಾರೂ ಹೇಳಲಿಲ್ಲ.

8×4 ಅಡಿಯ 18 ಮಿ.ಮೀ. ಪ್ಲೈ ಹಾಳೆ 30 ಕಿಲೋ ಮೇಲೆ ತೂಗುತ್ತದೆ. ನಿಮ್ಮ ಯಂತ್ರವೂ ಹೆಚ್ಚುಕಮ್ಮಿ ಅಷ್ಟೇ ತೂಕ. ಅದರ ಮೇಲೆ ಇದನ್ನು ಮಲಗಿಸಿ ತಳ್ಳಿದರೆ ಏನಾಗಬೇಕು? ಯಂತ್ರವೇ ಮಗುಚುತ್ತದೆ. ಇಡೀ ಹಾಳೆಯನ್ನು ನೆಲದ ಮೇಲೆ ಥರ್ಮೋಕೋಲ್ ಹಾಸಿ, ನೇರ ಪಟ್ಟಿ ಕ್ಲ್ಯಾಂಪ್ ಮಾಡಿ, ಸರ್ಕ್ಯುಲರ್ ಸಾದಲ್ಲಿ ತುಂಡು ಮಾಡಿಕೊಳ್ಳಿ. ಬೇಕಾದ್ದಕ್ಕಿಂತ ಒಂದೆರಡು ನೂಲು ಜಾಸ್ತಿ ಬಿಡಿ. ಕೊನೆಯ ಅಳತೆಗೆ ಮಾತ್ರ ಟೇಬಲ್ ಸಾ.

ಯಂತ್ರವನ್ನು ಅಗಲದ ಪ್ಲೈ ಹಲಗೆಗೆ ಬೋಲ್ಟ್ ಹಾಕಿ, ಆ ಹಲಗೆಯನ್ನು ಗಟ್ಟಿ ಮೇಜಿಗೆ ಕ್ಲ್ಯಾಂಪ್ ಮಾಡಿ. ಕೊಯ್ದ ಮರ ಬ್ಲೇಡ್ ದಾಟಿದ ಮೇಲೆ ಒರಗಲು ಹಿಂದೆ ಒಂದು ಆಸರೆ ಬೇಕೇ ಬೇಕು. ಅದು ಯಂತ್ರದ ಮೇಜಿಗಿಂತ ಒಂದು ಕೂದಲು ಕೆಳಗೇ ಇರಲಿ. ಮೇಲಿದ್ದರೆ ಮರ ಹೋಗಿ ಡಿಕ್ಕಿ ಹೊಡೆಯುತ್ತದೆ. ಮೇಜಿನ ಮೇಲೆ ಮೇಣದಬತ್ತಿ ಉಜ್ಜಿ ಬಟ್ಟೆಯಲ್ಲಿ ಒರೆಸಿ, ಮರ ಬೆಣ್ಣೆಯ ಹಾಗೆ ಜಾರುತ್ತದೆ.

ಗಟ್ಟಿ ಮರ ಎರಡು ಇಂಚು ದಪ್ಪ ಇದ್ದರೆ ಒಂದೇ ಏಟಿಗೆ ಸೀಳಲು ಹೋಗಬೇಡಿ. ಮೊದಲು ಅರ್ಧ ಎತ್ತರ, ಆಮೇಲೆ ಪೂರ್ತಿ. ಮೋಟರಿನ ಸದ್ದು ಇಳಿಯಿತು ಅಂದರೆ ನೀವು ಜೋರಾಗಿ ತಳ್ಳುತ್ತಿದ್ದೀರಿ ಅಂತಲೇ ಅರ್ಥ. ಕೊಯ್ದ ಅಂಚು ಕಪ್ಪಗೆ ಸುಟ್ಟಿದ್ದರೆ ಬ್ಲೇಡಿಗೆ ಅಂಟು ಮೆತ್ತಿದೆ, ಇಲ್ಲವೇ ಫೆನ್ಸ್ ಹಿಂದುಗಡೆ ಒಳಕ್ಕೆ ವಾಲಿದೆ. ವೈರ್ ಬಗ್ಗೆ ಒಂದು ಮಾತು: 1500ರಿಂದ 2000 ವ್ಯಾಟ್ ಎಳೆಯುವ ಯಂತ್ರಕ್ಕೆ ಟಿವಿಗೆ ಹಾಕುವ ತೆಳು ಎಕ್ಸ್‌ಟೆನ್ಶನ್ ಬೇಡ. 2.5 ಚದರ ಮಿ.ಮೀ. ತಂತಿಯದ್ದು ತಗೊಳ್ಳಿ, ಸುರುಳಿ ಪೂರ್ತಿ ಬಿಚ್ಚಿ ಬಳಸಿ.

ಸ್ಲೆಡ್ ಹುಚ್ಚು ಹಿಡಿದವರು

ಮೈಟರ್ ಗೇಜ್ ಎಸೆದುಬಿಡಿ, ಸ್ಲೆಡ್ ಮಾಡಿ, ಅಂದರೆ ಮರವನ್ನು ಮೇಲಿಟ್ಟು ಬ್ಲೇಡಿನ ಕಡೆ ತಳ್ಳುವ ಜಾರುಹಲಗೆ. ಒಂದು ಪ್ಲೈ ಹಲಗೆ, ಅಡಿಯಲ್ಲಿ ಸ್ಲಾಟಿನಲ್ಲಿ ಜಾರುವ ಎರಡು ಪಟ್ಟಿ, ಮೇಲೆ ಹಿಂದೊಂದು ಮುಂದೊಂದು ನೆಟ್ಟಗಿನ ಗೋಡೆ. ಇಷ್ಟೇ. ಕೆಲವು ಅಗ್ಗದ ಯಂತ್ರಗಳ ಸ್ಲಾಟ್ ಮಾಮೂಲಿ ಮುಕ್ಕಾಲು ಇಂಚು ಇರುವುದಿಲ್ಲ, ರೆಡಿಮೇಡ್ ಪಟ್ಟಿ ತಂದರೆ ಕೂರುವುದಿಲ್ಲ. ನಿಮ್ಮ ಸ್ಲಾಟ್ ಅಳೆದು ಗಟ್ಟಿ ಮರದಲ್ಲೇ ಮಾಡಿಕೊಳ್ಳಿ.

ಮರ ಒರಗುವ ಗೋಡೆ ಬ್ಲೇಡಿಗೆ ಸರಿಯಾಗಿ ಅಡ್ಡ ಕೂತಿದೆಯಾ ಅಂತ ನೋಡಲು ಮೂಲೆಮಟ್ಟ ಸಾಲದು. ಐದು ಕೊಯ್ತದ ಪರೀಕ್ಷೆ ಮಾಡಿ. ಒಂದು ಚೌಕದ ಹಲಗೆ ತಗೊಂಡು ಒಂದು ಅಂಚು ಕೊಯ್ಯಿರಿ. ಆ ಹೊಸ ಅಂಚನ್ನು ಗೋಡೆಗೆ ಒರಗಿಸಿ ಮುಂದಿನದು. ಹೀಗೇ ನಾಲ್ಕೂ ಬದಿ. ಐದನೇ ಸಲ ಮೊದಲು ಕೊಯ್ದ ಬದಿಯಿಂದಲೇ ಒಂದು ಇಂಚು ಅಗಲದ ಪಟ್ಟಿ ತೆಗೆಯಿರಿ. ಅದರ ಎರಡು ತುದಿಯ ಅಗಲ ಅಳೆಯಿರಿ. ನನ್ನ ಪಟ್ಟಿ 400 ಮಿ.ಮೀ. ಉದ್ದ. ಒಂದು ತುದಿ 25.6, ಇನ್ನೊಂದು 24.8. ವ್ಯತ್ಯಾಸ 0.8. ತಪ್ಪು ನಾಲ್ಕು ಸಲ ಕೂಡಿಕೊಂಡಿರುವುದರಿಂದ ನಾಲ್ಕರಿಂದ ಭಾಗಿಸಿದರೆ 0.2. ಅಂದರೆ 400 ಮಿ.ಮೀ. ಉದ್ದಕ್ಕೆ 0.2 ಮಿ.ಮೀ. ಸೊಟ್ಟ. ಗೋಡೆಯ ಒಂದು ತುದಿಯ ಸ್ಕ್ರೂ ಬಿಚ್ಚಿ, ಎರಡು ಕಾಗದದಷ್ಟು ಸರಿಸಿ ಮತ್ತೆ ಬಿಗಿದೆ. ಆಮೇಲೆ ಮಾಡಿದ ಡ್ರಾಯರಿನ ಮೂಲೆಗಳಿಗೆ ಮರಳುಕಾಗದವೇ ಬೇಕಾಗಲಿಲ್ಲ.

ಬ್ಲೇಡ್ ಹೊರಬರುವ ಕಡೆ, ಅಂದರೆ ನಿಮ್ಮ ಹೊಟ್ಟೆಯ ಕಡೆ, ದಪ್ಪ ಮರದ ತುಂಡೊಂದನ್ನು ಅಂಟಿಸಿ. ಕೈ ಅಲ್ಲಿ ಇಡಬಾರದು ಅಂತ ಅದಕ್ಕೆ ಕೆಂಪು ಬಳಿದಿದ್ದೇನೆ.

ಕೇಳಿದವರು

ಸ್ಲೆಡ್ ಮಾಡುವಾಗ ಆ ರೈವಿಂಗ್ ನೈಫ್ ಅಡ್ಡ ಬರುತ್ತದೆ ಅಂತ ಬಿಚ್ಚಿಟ್ಟಿದ್ದೇನೆ. ಸುಮ್ನೆ ಹಾಗೇ ಬಿಟ್ಟರೆ ನಡೆಯಲ್ವಾ?

ಪೆಟ್ಟು ತಿಂದವರು

ನಡೆಯಲ್ಲ. ದಯವಿಟ್ಟು ಇವತ್ತೇ ಹಾಕಿ.

ನಾನೂ ಹಾಗೇ ಬಿಚ್ಚಿಟ್ಟಿದ್ದೆ. ಒಂದಡಿ ಚೌಕದ ಪ್ಲೈ ತುಂಡು. ಫೆನ್ಸ್‌ಗೆ ಒತ್ತಿ ತಳ್ಳುತ್ತಿದ್ದೆ. ಇನ್ನೆರಡು ಇಂಚು ಇದ್ದಾಗ ತುಂಡು ಫೆನ್ಸ್ ಬಿಟ್ಟು ಚೂರು ಓರೆಯಾಯಿತು. ಆಮೇಲೆ ನಾನು ನೋಡಿದ್ದು ನನ್ನ ಅಂಗಿಯನ್ನು. ತುಂಡು ಎಲ್ಲಿ ಹೋಯಿತು ಅಂತಲೂ ಗೊತ್ತಾಗಲಿಲ್ಲ. ಹೊಟ್ಟೆಯ ಎಡಭಾಗಕ್ಕೆ ಬಡಿದು, ಹಿಂದಿನ ಬಾಗಿಲಿಗೆ ಹೊಡೆದು ಬಿದ್ದಿತ್ತು. ಎರಡು ವಾರ ನೇರಳೆ ಬಣ್ಣದ ಗುರುತು ಇತ್ತು. ತುಂಡನ್ನು ಎತ್ತಿ ನೋಡಿದರೆ ಅಡಿಯಲ್ಲಿ ಕಮಾನಿನ ಆಕಾರದ ಗೀರು. ಬ್ಲೇಡಿನ ಹಿಂದಿನ ಹಲ್ಲುಗಳು ಕೆಳಗಿಂದ ಮೇಲಕ್ಕೆ ಏಳುತ್ತವೆ. ತುಂಡು ಓರೆಯಾಗಿ ಅವಕ್ಕೆ ಸಿಕ್ಕಿದರೆ ಎತ್ತಿ ನಮ್ಮ ಕಡೆಗೇ ಎಸೆಯುತ್ತವೆ. 10 ಇಂಚಿನ ಬ್ಲೇಡ್ ನಿಮಿಷಕ್ಕೆ 5000 ಸುತ್ತು ತಿರುಗಿದರೆ ಹಲ್ಲಿನ ವೇಗ ಗಂಟೆಗೆ ಸುಮಾರು 240 ಕಿ.ಮೀ. ಲೆಕ್ಕ ಹಾಕಿ ನೋಡಿ.

ಆ ತಗಡು ಇದ್ದರೆ ತುಂಡು ಹಿಂದಿನ ಹಲ್ಲಿನ ಕಡೆ ಸರಿಯಲು ಬಿಡುವುದಿಲ್ಲ. ಸ್ಲೆಡ್ಡಿನ ಸಂದನ್ನೇ ಅದು ತೂರುವಷ್ಟು ಮಾಡಿಕೊಳ್ಳಿ. ಬ್ಲೇಡಿನ ನೇರಕ್ಕೆ ನಿಲ್ಲಬೇಡಿ, ಒಂದು ಪಕ್ಕಕ್ಕೆ ನಿಲ್ಲಿ. ಬ್ಲೇಡ್ ಮರಕ್ಕಿಂತ ಒಂದು ಹಲ್ಲಿನಷ್ಟು ಮೇಲಿದ್ದರೆ ಸಾಕು. ಉದ್ದಕ್ಕಿಂತ ಅಗಲ ಜಾಸ್ತಿ ಇರುವ ತುಂಡನ್ನು ಫೆನ್ಸ್‌ಗೆ ಒರಗಿಸಿ ಕೊಯ್ಯಲೇಬೇಡಿ, ಅದು ಸ್ಲೆಡ್ಡಿನ ಕೆಲಸ. ಗ್ಲೌಸ್ ಬೇಡ. ಎಳೆ ಸಿಕ್ಕಿಕೊಂಡರೆ ಕೈಯನ್ನೂ ಎಳೆದುಕೊಂಡು ಹೋಗುತ್ತದೆ. ಕೈ ತಾಗಿದರೆ ಬ್ಲೇಡ್ ತಾನೇ ನಿಲ್ಲುವ ಸಾಸ್ಟಾಪ್ ಥರದ ಯಂತ್ರಗಳಿವೆ. ನಿಮ್ಮದು ಅದಲ್ಲ, ನನ್ನದೂ ಅಲ್ಲ.

ಸಣ್ಣ ಪಟ್ಟಿ ಸೀಳುವಾಗ ಜೊತೆಗೆ ಬಂದ ಪ್ಲಾಸ್ಟಿಕ್ ಕಡ್ಡಿ ಸಾಲದು. ಒಂದಡಿ ಉದ್ದದ ದಪ್ಪ ಮರದ ತುಂಡಿನ ಹಿಂದೆ ಒಂದು ಹಿಮ್ಮಡಿ ಬಡಿಯಿರಿ. ಅದು ಮರವನ್ನು ಮೇಲಿಂದ ಒತ್ತುತ್ತದೆ, ಹಿಂದಿನಿಂದ ತಳ್ಳುತ್ತದೆ. ಬ್ಲೇಡ್ ಅದನ್ನೂ ತಿನ್ನಲಿ, ಇನ್ನೊಂದು ಮಾಡಿಕೊಂಡರಾಯಿತು.

ಮಾರಿಬಿಟ್ಟವರು

ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನು ಒಂದೂವರೆ ವರ್ಷ ಒದ್ದಾಡಿ ಕೊಟ್ಟುಬಿಟ್ಟೆ. ಕೊಯ್ತದ ತೊಂದರೆಗಲ್ಲ, ಸದ್ದು ಮತ್ತು ಧೂಳಿಗೆ. ಇವು ಬ್ರಶ್ ಇರುವ ಮೋಟರ್‌ಗಳು, ಕಿರುಚುತ್ತವೆ. 100 ಡೆಸಿಬೆಲ್ ಮುಟ್ಟುವುದು ಮಾಮೂಲು. ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಒಎಸ್‌ಎಚ್ ಹೇಳುವ ಪ್ರಕಾರ ಅಷ್ಟು ಸದ್ದಿನಲ್ಲಿ ಕಿವಿಗೆ ಏನೂ ಹಾಕದೆ ದಿನಕ್ಕೆ 15 ನಿಮಿಷಕ್ಕಿಂತ ಹೆಚ್ಚು ಇರಬಾರದು. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಕ್ಯಾನ್ಸರ್ ತರುವ ಪಟ್ಟಿಗೆ ಸೇರಿಸಿದೆ. ಹಿಂದಿನ ಕೊಳವೆಗೆ ವ್ಯಾಕ್ಯೂಮ್ ಜೋಡಿಸಿದರೂ ಅರ್ಧ ಪುಡಿ ಮುಖಕ್ಕೇ ಬರುತ್ತಿತ್ತು. ಈಗ ಸರ್ಕ್ಯುಲರ್ ಸಾ ಮತ್ತು ನೇರ ಪಟ್ಟಿಯಲ್ಲೇ ನನ್ನ ಕೆಲಸ ನಡೆಯುತ್ತಿದೆ. ಇಟ್ಟುಕೊಳ್ಳುವುದಾದರೆ ಬಯಲಲ್ಲಿ ಓಡಿಸಿ. ಮಾಸ್ಕ್, ಕನ್ನಡಕ, ಕಿವಿಗೆ ಮಫ್ ಮೂರೂ ಇರಲಿ.

ಕೇಳಿದವರು

ಎರಡು ವಾರದ ಲೆಕ್ಕ ಒಪ್ಪಿಸುತ್ತಿದ್ದೇನೆ. ಸ್ಕ್ರೂ ಹಾಕಿದ ಪಟ್ಟಿಯಲ್ಲಿ ನೋಡಿದೆ, ನನ್ನದರಲ್ಲಿ ಐದು ಹಾಳೆ ತೂರಿತು. ಎರಡಕ್ಕೆ ಇಳಿಸಿದ್ದೇನೆ, ಅದಕ್ಕಿಂತ ಕೆಳಗೆ ಬರುತ್ತಿಲ್ಲ. 40 ಹಲ್ಲಿನ ಬ್ಲೇಡ್ ಬಂತು. ತಗಡಿನ ಮೇಲೆ 2.2 ಅಂತಿದೆ, ಬ್ಲೇಡ್ 2.4, ಸರಿಹೋಯಿತು. ತಗಡು ಮತ್ತೆ ಹಾಕಿದೆ. ಸ್ಲೆಡ್ಡಿನ ಪರೀಕ್ಷೆ ಮೊದಲ ಸಲ 1.9 ವ್ಯತ್ಯಾಸ ಬಂತು, ನಗಬೇಡಿ. ಮೂರನೇ ಸಲಕ್ಕೆ 0.5.

ಕಪಾಟಿನ ಆರು ಹಲಗೆಯನ್ನೂ ಫೆನ್ಸ್ ಮುಟ್ಟದೆ ಒಂದೇ ಸಲಕ್ಕೆ ಕೊಯ್ದು, ಒಂದರ ಮೇಲೊಂದು ಜೋಡಿಸಿ ಅಂಚಿನ ಮೇಲೆ ಬೆರಳು ಆಡಿಸಿದೆ. ಐದು ಸಮ. ಆರನೆಯದು ಚೂರು ಒಳಗೆ. ಅದನ್ನು ಕೊಯ್ಯುವಾಗ ಹಿಂದಿನ ಕ್ಲ್ಯಾಂಪ್ ಹಾಕಲು ಮರೆತಿದ್ದೆ. ಅದು ಎಲ್ಲಕ್ಕಿಂತ ಕೆಳಗಿನ ಹಲಗೆ ಆಗುತ್ತದೆ.