ಕಾದಂಬರಿ ಅರ್ಧಕ್ಕೆ ನಿಂತಿದೆ. ಮುಗಿಸಿದವರು ಹೇಗೆ ಮುಗಿಸಿದಿರಿ, ಹೇಳಿ

ತೆಂಗಿನಗರಿ:
ಎಲ್ಲರಿಗೂ ನಮಸ್ಕಾರ. ತಿಪಟೂರಿನಲ್ಲಿ ಬ್ಯಾಂಕ್ ಕೆಲಸ, ಮನೆಯಲ್ಲಿ ಇಬ್ಬರು ಮಕ್ಕಳು. ತೋಟ ಪಾಲಾಗುವ ಒಂದು ಮನೆಯ ಕತೆ ಬರೆಯುತ್ತಿದ್ದೇನೆ. ಹದಿನಾಲ್ಕನೇ ಅಧ್ಯಾಯದವರೆಗೆ ಸರಾಗವಾಗಿ ಬಂತು, ಆಮೇಲೆ ನಿಂತುಹೋಯಿತು. ಕೂತರೆ ಮೊದಲ ಅಧ್ಯಾಯ ತೆಗೆದು ತಿದ್ದುವುದೇ ಆಗಿದೆ. ಹೊತ್ತು ಹೇಗೆ ಮಾಡಿಕೊಳ್ಳುತ್ತೀರಿ? ಕತೆ ಹೀಗೇ ಹೋಗಬೇಕು ಅಂತ ಮೊದಲೇ ಬರೆದಿಟ್ಟುಕೊಳ್ಳುತ್ತೀರೋ, ಬರೆಯುತ್ತ ಹೋಗುತ್ತೀರೋ? ನಡುವೆ ಯಾರಿಗಾದರೂ ಓದಲು ಕೊಡಬಹುದೇ?

ಕೋಲಾರದ ಮೇಷ್ಟ್ರು:
ನಾನು ಮೂಡ್ ಅನ್ನೋದನ್ನ ನಂಬಲ್ಲಮ್ಮ. ಬೆಳಿಗ್ಗೆ ಐದರಿಂದ ಆರು, ಉದ್ದ ರೂಲಿನ ಪುಸ್ತಕದಲ್ಲಿ ಒಂದು ಪುಟ. ಚುನಾವಣೆ ಡ್ಯೂಟಿ ಇದ್ದಾಗ ಮಸ್ಟರಿಂಗ್ ಕೇಂದ್ರದ ಜಗುಲಿ ಮೇಲೆ ಕೂತು ಬರೆದಿದ್ದೀನಿ. ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಹೋದಾಗ ಲಾಡ್ಜಿನಲ್ಲಿ ಕರೆಂಟಿಲ್ಲದೆ ಮೇಣದಬತ್ತಿ ಹಚ್ಚಿಕೊಂಡು ಬರೆದಿದ್ದೀನಿ. ಹಿಂದಿನ ಪುಟ ತಿರುಗಿಸಿ ನೋಡಲ್ಲ. ಅದಕ್ಕೇ ಬರೆದಾದ ಪುಟಗಳಿಗೆ ರಬ್ಬರ್ ಬ್ಯಾಂಡ್ ಹಾಕಿಡ್ತೀನಿ. ಅನಕೃ ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ತ್ರಿವೇಣಿ 1963ರಲ್ಲಿ ಹೋದಾಗ 35 ಕೂಡ ತುಂಬಿರಲಿಲ್ಲ, ಕಾದಂಬರಿ ಮಾತ್ರ ಇಪ್ಪತ್ತರಷ್ಟು ಬರೆದಿದ್ದರು. ಸ್ಫೂರ್ತಿಗೆ ಕಾದು ಕೂತವರು ಅಷ್ಟು ಬರೆಯೋಕೆ ಆಗುತ್ತಾ? ನನ್ನ ಎರಡು ಕಾದಂಬರಿ ಹೀಗೇ ಮುಗಿದಿವೆ. ಎರಡನೆಯದು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು.

ತೀರ್ಥಹಳ್ಳಿ ಕಡೆಯವ:
ಮೇಷ್ಟ್ರೇ, ಪುಟ ತುಂಬಿಸೋದು ಬೇರೆ, ಬರೆಯೋದು ಬೇರೆ. ಕುವೆಂಪು ಬರೆದದ್ದು ಎರಡೇ ಕಾದಂಬರಿ. ಒಂದು 1936ರಲ್ಲಿ ಬಂತು, ಇನ್ನೊಂದು 1967ರಲ್ಲಿ. ಅವರನ್ನು ಸೋಮಾರಿ ಅಂತೀರಾ? ನಾನು ನಿಮ್ಮ ಥರದ ಶಿಸ್ತನ್ನು ಒಂದು ಮಳೆಗಾಲ ಪೂರ್ತಿ ಪಾಲಿಸಿದೆ. ಬಂದದ್ದೆಲ್ಲ ಸತ್ತ ವಾಕ್ಯಗಳು. ಈಗ ಹಾಗಿಲ್ಲ. ಕೊಯ್ಲಿನ ಕಾಲದಲ್ಲಿ ಬರೆಯೋದೇ ಇಲ್ಲ, ಅಡಿಕೆ ಸುಲಿಯುವವರ ಜೊತೆ ಕೂತು ಮಾತು ಕೇಳ್ತೇನೆ. ಒಂದು ದೃಶ್ಯ ನಿದ್ದೆಗೆಡಿಸುವಷ್ಟು ಕಾಡಿದರೆ ಮಾತ್ರ ಬರೆಯೋದು, ಅದು ಕತೆಯಲ್ಲಿ ಎಲ್ಲಿ ಬರುತ್ತೆ ಅಂತ ಯೋಚನೆ ಮಾಡಲ್ಲ. ನನ್ನ ಕಾದಂಬರಿಯಲ್ಲಿ ಮೊದಲು ಬರೆದದ್ದು ತಿಥಿಯೂಟದ ದೃಶ್ಯ. ಪುಸ್ತಕದಲ್ಲಿ ಅದು ಕೊನೆಯಿಂದ ಎರಡನೇ ಅಧ್ಯಾಯ. ಯಾರು ಸತ್ತರು ಅಂತ ನನಗೇ ಆಮೇಲೆ ಗೊತ್ತಾಯ್ತು.

ಕೋಲಾರದ ಮೇಷ್ಟ್ರು:
ಆ ಎರಡು ಕಾದಂಬರಿಗಳ ನಡುವೆ ಕುವೆಂಪು ಕೈಕಟ್ಟಿ ಕೂತಿರಲಿಲ್ಲ. ರಾಮಾಯಣ ದರ್ಶನಂ ಆ ಅವಧಿಯಲ್ಲೇ ಬಂತು. ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಆಡಳಿತವನ್ನೂ ನೋಡಿಕೊಂಡರು. ದೊಡ್ಡವರ ಹೆಸರು ತೆಗೆಯೋ ಮುಂಚೆ ಅವರು ಎಷ್ಟು ದುಡಿದರು ಅಂತಲೂ ನೋಡಿ. ಸತ್ತ ವಾಕ್ಯ ಅಂದಿರಲ್ಲ, ನನ್ನ ಧಾರಾವಾಹಿ ಓದಿ ಕಾಗದ ಬರೆದವರಿಗೆ ಅದು ಸತ್ತದ್ದಾಗಿ ಕಾಣಲಿಲ್ಲ.

ಧಾರವಾಡದಾಕಿ:
ಇಬ್ಬರೂ ಜಗಳಾ ಬಿಡ್ರಿ, ಆ ತಂಗಿ ಓದಾಕ ಯಾರಿಗೆ ಕೊಡ್ಲಿ ಅಂತನೂ ಕೇಳ್ಯಾಳ. ನನ್ನ ಕತಿ ಕೇಳ್ರಿ. ನಾ ಸಣ್ಣ ಕತಿ ಬರಿಯಾಕಿ. ನನಗ ಕೈ ಹಿಡದು ಬರಸೂದು ದೀಪಾವಳಿ ಕಥಾಸ್ಪರ್ಧೆಯ ಕೊನೀ ದಿನಾಂಕ. ಅದು ಇಲ್ಲಂದ್ರ ವರ್ಷಗಟ್ಟಲೆ ತಲಿಯಾಗ ಇಟ್ಕೊಂಡು ತಿರಗತೀನಿ. ಆದರ ಕಳಿಸಿದ ಮ್ಯಾಲೆ ಕಾಯೂದೈತೆಲ್ಲ, ಅದು ಜೀವಾ ತಿಂತದ. ಒಂದು ಪತ್ರಿಕಾದವರು ವರ್ಷ ಕಳದ್ರೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಬ್ಯಾರೆ ಕಡೆ ಕೊಟ್ಟೆ, ಅಲ್ಲಿ ಅಚ್ಚಾತು. ಅದೇ ತಿಂಗಳು ಮೊದಲಿನವರೂ ಅಚ್ಚು ಹಾಕಿದ್ರು! ಎರಡೂ ಕಡೆಯವರು ನನಗ ಬೈದ್ರು. ಇನ್ನೊಬ್ಬರು ನನ್ನ ಅವ್ವನ ಮಾತೆಲ್ಲ ತಿದ್ದಿ ಪಠ್ಯಪುಸ್ತಕದ ಮಾತು ಮಾಡಿಬಿಟ್ಟಿದ್ರು. ಅಚ್ಚಾದ ಪುಟ ನೋಡಿ ಅತ್ತೀನಿ. ಬರಿಯೂದು ನಿಂತದ್ದು ಅವಾಗ, ಆಲಸ್ಯದಿಂದ ಅಲ್ಲ.

ಮತ್ತ ಚಾಲೂ ಆಗಿದ್ದು ನನ್ನ ಗೆಳತಿಯಿಂದ. ಆಕಿ ಸಾಹಿತಿ ಅಲ್ಲ, ಹಾಲಿನ ಡೇರಿಯಾಗ ಲೆಕ್ಕಾ ಬರಿಯಾಕಿ. ಓದಿ "ಇಲ್ಲಿ ನನಗ ಬ್ಯಾಸರಾತು" ಅಂತ ಪೆನ್ಸಿಲ್ಲೇ ಗೆರಿ ಎಳೀತಾಳ, ಅಷ್ಟ. ಹಿಂಗಲ್ಲ ಹಂಗ ಬರಿ ಅಂತ ಹೇಳೂದಿಲ್ಲ. ಅಂಥಾಕಿ ಒಬ್ಬಾಕಿ ಸಿಕ್ಕರ ಸಾಕು.

ಇನ್ನೊಂದು ಮಾತು, ಎಲ್ಲಾರೂ ಕಾದಂಬರಿನ ಯಾಕ ಬರೀಬೇಕು? 2025ರಾಗ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದದ್ದು ಸಣ್ಣ ಕತಿಗೋಳಿಗೆ. ಮೂವತ್ತು ವರ್ಷದಾಗ ಬಿಡಿ ಬಿಡಿಯಾಗಿ ಬರದ ಕತಿ, ಅದೂ ವಕೀಲಿ ಮಾಡಿಕೋತ.

ಸ್ವಂತ ಪ್ರಕಾಶನ:
ಬರೆಯೋ ಉತ್ಸಾಹ ಎಲ್ಲಿ ಸಾಯುತ್ತೆ ಅಂತ ನಾನು ಹೇಳ್ತೀನಿ, ಅಚ್ಚಿನ ಮನೆಯಲ್ಲಿ. ಪ್ರಕಾಶಕರು ಒಬ್ಬರು "ಚೆನ್ನಾಗಿದೆ, ಆದರೆ 200 ಪ್ರತಿ ನೀವೇ ಕೊಳ್ಳಬೇಕು" ಅಂದರು. ಅದಕ್ಕಿಂತ ನಾನೇ ಹಾಕ್ತೀನಿ ಅಂತ ಹಾಕಿದೆ. ಡೆಮಿ 1/8, 192 ಪುಟ, ಅಂದರೆ 16 ಪುಟಕ್ಕೊಂದು ಹಾಳೆಯಂತೆ 12 ಫಾರಂ. ಡಿಟಿಪಿ, ಅಂದರೆ ಟೈಪ್ ಮಾಡಿ ಪುಟ ಕಟ್ಟೋದಕ್ಕೆ, ಪುಟಕ್ಕೆ 25ರಂತೆ 4,800. ಕರಡು ತಿದ್ದಿದವರಿಗೆ ಪುಟಕ್ಕೆ 12ರಂತೆ 2,304. ಮುಖಪುಟ 4,000. ಅಚ್ಚು, ಬೈಂಡಿಂಗ್ ಪ್ರತಿಗೆ 90ರಂತೆ 500 ಪ್ರತಿಗೆ 45,000. ಒಟ್ಟು 56,104 ರೂಪಾಯಿ. ಬೆಲೆ 220 ಇಟ್ಟೆ. ಅಂಗಡಿಯವರು 40 ಪರ್ಸೆಂಟ್ ಹಿಡಿದರೆ ನನ್ನ ಕೈಗೆ 132. ಹಾಕಿದ ದುಡ್ಡು ಹುಟ್ಟಬೇಕಾದರೆ 426 ಪ್ರತಿ ಹೋಗಬೇಕು, ಗೌರವಪ್ರತಿ ಬಿಟ್ಟು. ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಕೊಡಿಸ್ತೀನಿ ಅಂತ ಒಬ್ಬ 3,000 ಕೇಳಿದ. ಅದನ್ನ ಕೊಡೋ ಸರ್ಕಾರದ ರಾಜಾ ರಾಮಮೋಹನ್ ರಾಯ್ ಏಜೆನ್ಸಿಗೆ ನೀವೇ ಅರ್ಜಿ ಹಾಕಿದರೆ ಅದು ಉಚಿತ, ಯಾರಿಗೂ ಕಾಸು ಕೊಡಬೇಡಿ. ಕಡಿಮೆ ಖರ್ಚಿನ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರ್‌ನಲ್ಲಿ ನಿಂತಾಗ ಒಂದೊಂದೇ ಪ್ರತಿ ಕಳಿಸುವವರ ಪಾಡು ಇನ್ನೂ ಕಷ್ಟವಾಯ್ತು. ಆದರೂ ನನ್ನ ಹೆಸರಲ್ಲಿ, ನನ್ನ ಇಷ್ಟದ ಮುಖಪುಟದಲ್ಲಿ ಪುಸ್ತಕ ಇದೆ. ನಡುಮನೆಯ ಮಂಚದ ಕೆಳಗೆ ಕಟ್ಟುಗಳಿವೆ, ಅದಕ್ಕೆ ನನಗೆ ನಾಚಿಕೆಯಿಲ್ಲ.

ತೀರ್ಥಹಳ್ಳಿ ಕಡೆಯವ:
ಅವರು ಕೇಳಿದ್ದು ಬರೆಯೋದರ ಬಗ್ಗೆ. ನೀವು ಹದಿನೈದನೇ ಅಧ್ಯಾಯಕ್ಕೆ ಮುಂಚೆಯೇ ಫಾರಂ ಲೆಕ್ಕ ಹಾಕಿಸ್ತಿದ್ದೀರಿ.

ಸ್ವಂತ ಪ್ರಕಾಶನ:
ಲೆಕ್ಕ ಗೊತ್ತಿದ್ದದ್ದಕ್ಕೇ ನಾನು 260 ಪುಟದ ಕಾದಂಬರಿಯನ್ನ 192ಕ್ಕೆ ಇಳಿಸಿದೆ. ಫಾರಂ ಉಳಿಸೋಕೆ ಕೂತಾಗ ಒಂದು ಪಾತ್ರವನ್ನೇ ತೆಗೆದೆ, ಕತೆ ಬಿಗಿಯಾಯ್ತು. ಇದೂ ಬರವಣಿಗೆಯೇ ಸ್ವಾಮಿ.

ಮಸ್ಕತ್ ಕನ್ನಡಿಗ:
ಹೊತ್ತಿನ ವಿಷಯಕ್ಕೆ ಬರ್ತೀನಿ. ನನಗೆ ಸಿಗೋದು ಸೈಟಿಗೆ ಹೋಗೋ ಬಸ್ಸಿನ ಹೊತ್ತು ಮಾತ್ರ. ಫೋನಿಗೆ ಕನ್ನಡದಲ್ಲಿ ಹೇಳ್ತಾ ಹೋಗ್ತೀನಿ, ಅದೇ ಟೈಪ್ ಮಾಡಿಕೊಳ್ಳುತ್ತೆ. ಶುಕ್ರವಾರ ರಜಾ, ಅವತ್ತು ಕೂತು ತಿದ್ದೋದು. ಹೇಳಿ ಬರೆಸೋದರಿಂದ ಸಂಭಾಷಣೆ ಚೆನ್ನಾಗಿ ಬರುತ್ತೆ, ವರ್ಣನೆ ಬರಲ್ಲ. ನನ್ನ ಕತೆಗಳಲ್ಲಿ ಬೆಟ್ಟ ಗುಡ್ಡ ಕಡಿಮೆ, ಮಾತು ಜಾಸ್ತಿ. ಅದೇ ನನ್ನ ದಾರಿ ಅಂತ ಈಗ ನನಗೆ ಗಟ್ಟಿಯಾಗಿದೆ.

ಡಿಟಿಪಿ ಅಂಗಡಿ:
ಇಂಥ ಫೈಲುಗಳೇ ನಮ್ಮ ಜೀವ ತೆಗೆಯೋದು. ನಮ್ಮಲ್ಲಿ ಪುಟ ಕಟ್ಟೋದು ಹಳೇ ನುಡಿ ಫಾಂಟಿನಲ್ಲಿ. ಫೋನಿನಲ್ಲಿ ಬರೋ ಯುನಿಕೋಡ್ ಅಕ್ಷರದಲ್ಲಿ ಕೊಟ್ಟರೆ ಪರಿವರ್ತನೆ ಮಾಡುವಾಗ ಅರ್ಕಾವತ್ತು ಎಲ್ಲೋ ಹೋಗಿ ಕೂರುತ್ತೆ, "ಬಸ್‌ನಲ್ಲಿ" ಅಂತಿದ್ದದ್ದು "ಬಸ್ನಲ್ಲಿ" ಆಗುತ್ತೆ. ಕರಡು ತಿದ್ದುವವರು ನಮಗೆ ಬೈತಾರೆ. ನುಡಿಯಲ್ಲೇ ಟೈಪ್ ಮಾಡಿ ಕೊಡಿ.

ಮಸ್ಕತ್ ಕನ್ನಡಿಗ:
ಈ ಕಾಲದಲ್ಲೂ ಇದೇ ಮಾತಾ? ಇವತ್ತಿನ ಪುಟವಿನ್ಯಾಸದ ತಂತ್ರಾಂಶಗಳು ಯುನಿಕೋಡ್ ಕನ್ನಡವನ್ನು ಸರಿಯಾಗಿ ತೋರಿಸುತ್ತವೆ. ನಿಮ್ಮ ಹಳೇ ಫಾಂಟಿನ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆಗೆದರೆ ಒಂದಕ್ಷರವೂ ಓದೋಕಾಗಲ್ಲ, ಹುಡುಕಿದರೂ ಸಿಗಲ್ಲ. ಬರೆಯುವವರು ನಿಮ್ಮ ಅಂಗಡಿಗಾಗಿ ಕೀಬೋರ್ಡ್ ಬದಲಿಸಬೇಕಾ?

ಡಿಟಿಪಿ ಅಂಗಡಿ:
ಹೊಸ ತಂತ್ರಾಂಶದ ಬಾಡಿಗೆ ತಿಂಗಳು ತಿಂಗಳು ಯಾರು ಕಟ್ಟೋದು ಸರ್? ಪುಟಕ್ಕೆ 25 ರೂಪಾಯಿಯಲ್ಲಿ, ಅದೂ "ಲೇಖಕಿ ಬಡವಿ, ಕಮ್ಮಿ ಮಾಡಿ" ಅಂತ ಚೌಕಾಸಿ ಮಾಡಿಸಿಕೊಂಡು?

ತೆಂಗಿನಗರಿ:
ಎಲ್ಲರಿಗೂ ಧನ್ಯವಾದ. ಒಂದೇ ಒಂದು ಕೇಳಬಹುದೇ? ಹದಿನಾಲ್ಕರ ಕೊನೆಯಲ್ಲಿ ಅಣ್ಣ ತಮ್ಮ ಮಾತು ಬಿಡುತ್ತಾರೆ. ಆಮೇಲೆ ಏನು ಬರೆದರೂ ಇಬ್ಬರೂ ಸುಮ್ಮನೆ ಮನೆಯಲ್ಲಿ ಓಡಾಡುತ್ತಾರೆ, ಏನೂ ಆಗುವುದಿಲ್ಲ.

ಧಾರವಾಡದಾಕಿ:
ಮಾತು ಬಿಟ್ಟವರು ಸುಮ್ಮನಿರೂದಿಲ್ಲ ತಂಗಿ. ನಮ್ಮ ಕಾಕಾಗೋಳು ಬಾಯಿ ಬಿಡಲಿಲ್ಲ, ಆದರ ಒಬ್ಬರು ಬಾವಿಯ ಪಂಪಿಗೆ ಕೀಲಿ ಹಾಕಿದ್ರು, ಇನ್ನೊಬ್ಬರು ಬದುವಿನ ಕಲ್ಲು ರಾತ್ರಿ ಸರಿಸಿದ್ರು. ಮಕ್ಕಳ ಕೈಯಾಗ ಮಾತು ಹೇಳಿ ಕಳಸತಿದ್ರು. ಆ ಮನಿಯ ಹೆಣ್ಮಕ್ಕಳು ಒಂದ ಒಲೀ ಮ್ಯಾಲೆ ಹ್ಯಾಂಗ ಅಡಿಗಿ ಮಾಡತಾರ? ಅಲ್ಲಿಂದ ಬರೀರಿ. ಅಣ್ಣ ತಮ್ಮ ಇಬ್ಬರನ್ನೂ ಒಂದು ಅಧ್ಯಾಯ ಹೊರಗ ಕಳಸ್ರಿ.

ಕೋಲಾರದ ಮೇಷ್ಟ್ರು:
ಒಳ್ಳೆ ಮಾತು. ಆದರೆ ನಾಳೆ ಬೆಳಿಗ್ಗೆ ಐದಕ್ಕೇ ಬರೀಬೇಕು, ಮೊದಲ ಅಧ್ಯಾಯ ಮುಟ್ಟಬಾರದು.

ತೀರ್ಥಹಳ್ಳಿ ಕಡೆಯವ:
ಐದಕ್ಕೆ ಎರಡು ಮಕ್ಕಳ ಡಬ್ಬಿ ಯಾರು ಕಟ್ಟೋದು ಮೇಷ್ಟ್ರೇ, ನೀವು ಬರ್ತೀರಾ? ನಿಮ್ಮ ಮನೇಲಿ ಆ ಹೊತ್ತಿಗೆ ಒಲೆ ಮುಂದೆ ಯಾರಿದ್ದರು ಅಂತ ಹೇಳಿ ಮೊದಲು.